ಋತುಮಾನದ ಜ್ವರ ಮತ್ತು ಜಾಗತಿಕ ಪಿಡುಗು: ವಾಡಿ ರೈಲುಮಾರ್ಗದ ಸೀಮೆಯಲ್ಲಿ ಅಪಾಯದ ಅಳತೆ

ನೆಗಡಿ, ಕೆಮ್ಮು, ಮೈಕೈ ನೋವಿನಿಂದ ಕೂಡಿದ ಜ್ವರ ಕಲಬುರಗಿ ಸೀಮೆಗೆ ಹೊಸದಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಪ್ರದೇಶಗಳ ಜನರಿಗೆ ಅದು ತೊಗರಿಯ ಬಿತ್ತನೆ, ರಾಶಿಗಳಂತೆ ವರ್ಷ ವರ್ಷವೂ ಬಂದುಹೋಗುವ ಸಂಗತಿ. ಆದರೆ 1918ರಲ್ಲಿ ಹಾಗೂ 2020ರಲ್ಲಿ ಈ ಸೀಮೆ ಕಂಡದ್ದು ಬೇರೆಯದೇ ಸ್ವರೂಪದ ವ್ಯಾಧಿ. ಲಕ್ಷಣಗಳು ಪರಿಚಿತವಾಗಿದ್ದರೂ ಪರಿಣಾಮ ಅಪರಿಚಿತವಾಗಿತ್ತು. ಹೊಸ ಸೋಂಕನ್ನು ಹಳೆಯ ಜ್ವರದೊಡನೆ ಹೋಲಿಸಿ ಸಮಾಧಾನಪಡುವ ಪ್ರವೃತ್ತಿ ಏಕೆ ದಾರಿತಪ್ಪಿಸುತ್ತದೆ ಎಂಬುದನ್ನು ಈ ಸೀಮೆಯ ಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೋಲಿಕೆಯ ಆಧಾರ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಋತುಮಾನದ ಇನ್‌ಫ್ಲುಯೆಂಜಾದಿಂದ ಉಂಟಾಗುವ ಉಸಿರಾಟದ ತೊಂದರೆಗಳಿಂದ ಜಗತ್ತಿನಲ್ಲಿ ಪ್ರತಿವರ್ಷ 2.9 ಲಕ್ಷದಿಂದ 6.5 ಲಕ್ಷ ಜನ ಸಾಯುತ್ತಾರೆ. ಇದು ಅಲ್ಪ ಸಂಖ್ಯೆಯಲ್ಲ. ಆದರೂ ಸೋಂಕಿತರಲ್ಲಿ ಸಾಯುವವರ ಪ್ರಮಾಣ ಸಾಮಾನ್ಯವಾಗಿ ಸಾವಿರಕ್ಕೆ ಒಂದರಷ್ಟು ಅಥವಾ ಅದಕ್ಕೂ ಕಡಿಮೆ. ಹಿಂದಿನ ವರ್ಷಗಳ ಸೋಂಕಿನಿಂದ ಜನಸಮುದಾಯದಲ್ಲಿ ಒಂದಿಷ್ಟು ರೋಗನಿರೋಧಕ ಶಕ್ತಿ ಉಳಿದಿರುವುದೇ ಇದಕ್ಕೆ ಮುಖ್ಯ ಕಾರಣ. ಹೊಸ ವೈರಾಣುವಿನ ಎದುರು ಈ ರಕ್ಷಣೆ ಇರುವುದಿಲ್ಲ.

ಒಂದು ಕಲ್ಪಿತ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಐದು ಸಾವಿರ ಜನಸಂಖ್ಯೆಯ ಗ್ರಾಮದಲ್ಲಿ ಮಾಮೂಲಿ ಜ್ವರ ಒಂದು ವರ್ಷ ಐದುನೂರು ಮಂದಿಗೆ ತಗುಲಿ, ಸಾವಿರಕ್ಕೆ ಒಬ್ಬರಂತೆ ಸತ್ತರೆ, ಎರಡು ವರ್ಷಕ್ಕೆ ಒಂದು ಸಾವು ಸಂಭವಿಸುತ್ತದೆ. ಹೊಸ ವೈರಾಣು ಎರಡು ತಿಂಗಳಲ್ಲಿ ಮೂರು ಸಾವಿರ ಮಂದಿಗೆ ತಗುಲಿ, ನೂರಕ್ಕೆ ಒಬ್ಬರಂತೆ ಸತ್ತರೆ ಮೂವತ್ತು ಸಾವು. ಮಾರಕತೆ ಹತ್ತು ಪಟ್ಟು ಹೆಚ್ಚಿದರೆ ಸಾವಿನ ಸಂಖ್ಯೆ ಅರವತ್ತು ಪಟ್ಟು ಏರುತ್ತದೆ. ಅದೂ ಎರಡೇ ತಿಂಗಳಲ್ಲಿ, ಉಪಚರಿಸುವವರೂ ಹಾಸಿಗೆ ಹಿಡಿದಿರುವ ಹೊತ್ತಿನಲ್ಲಿ. ಆದ್ದರಿಂದ ಮರಣಪ್ರಮಾಣವೊಂದನ್ನೇ ನೋಡಿ ಅಪಾಯವನ್ನು ಅಳೆಯಲಾಗದು. ಎಷ್ಟು ಜನರಿಗೆ, ಎಷ್ಟು ಬೇಗ, ಯಾವ ವಯಸ್ಸಿನವರಿಗೆ ತಗುಲುತ್ತದೆ ಎಂಬುದನ್ನೂ ಕೂಡಿಸಿಯೇ ಎಣಿಸಬೇಕಾಗುತ್ತದೆ.

1918: ರೈಲಿನೊಡನೆ ಬಂದ ವ್ಯಾಧಿ

ಅಂದು ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ಮುಂಬಯಿಯಿಂದ ರಾಯಚೂರಿನತ್ತ ಸಾಗುವ ರೈಲುಮಾರ್ಗ ಗುಲ್ಬರ್ಗಾ, ಶಹಾಬಾದ, ವಾಡಿಗಳನ್ನು ಹಾಯ್ದು ಹೋಗುತ್ತಿತ್ತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲು ಆರಂಭವಾದ ಮೇಲೆ ವಾಡಿ ದಖ್ಖನಿನ ಪ್ರಮುಖ ಜಂಕ್ಷನ್ ಆಯಿತು.

1918ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಮೊದಲ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರಿನ ಎರಡನೆಯ ಅಲೆ ಭೀಕರವಾಯಿತು. ಅಕ್ಟೋಬರ್ 6ರಂದು ಮುಂಬಯಿ ನಗರವೊಂದರಲ್ಲಿಯೇ 768 ಸಾವುಗಳು ದಾಖಲಾದವು. ಭಾರತ ಸರಕಾರದ ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ 1919ರ ತಮ್ಮ ವರದಿಯಲ್ಲಿ ಸೋಂಕಿನ ಪ್ರಸಾರದಲ್ಲಿ ರೈಲ್ವೆಯ ಪಾತ್ರವನ್ನು ಗುರುತಿಸಿದ್ದಾರೆ. ಮಾಮೂಲಿ ಜ್ವರ ವೃದ್ಧರನ್ನೂ ಶಿಶುಗಳನ್ನೂ ಹೆಚ್ಚಾಗಿ ಬಲಿ ತೆಗೆದುಕೊಂಡರೆ ಈ ವ್ಯಾಧಿ ಇಪ್ಪತ್ತರಿಂದ ನಲವತ್ತು ವಯಸ್ಸಿನ ದುಡಿಯುವ ಜನರನ್ನು ಕೊಂದಿತು. ಅದೇ ವರ್ಷ ಮಳೆಯೂ ಕೈಕೊಟ್ಟು ಧಾನ್ಯದ ಬೆಲೆ ಏರಿದ್ದರಿಂದ ದುಡಿಯುವವರನ್ನು ಕಳೆದುಕೊಂಡ ಕುಟುಂಬಗಳ ಕಷ್ಟ ಇಮ್ಮಡಿಸಿತು.

ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1911ರಲ್ಲಿ 1,33,74,676 ಇದ್ದುದು 1921ರಲ್ಲಿ 1,24,71,770ಕ್ಕೆ ಇಳಿಯಿತು. ಪ್ಲೇಗು ಹಾಗೂ ಬರಗಾಲಗಳ ಪಾಲೂ ಇದರಲ್ಲಿ ಇದ್ದುದರಿಂದ ಒಂಬತ್ತು ಲಕ್ಷದ ಈ ಇಳಿಕೆಯನ್ನು ಪೂರ್ತಿಯಾಗಿ ಇನ್‌ಫ್ಲುಯೆಂಜಾದ ಲೆಕ್ಕಕ್ಕೆ ಬರೆಯುವಂತಿಲ್ಲ. ಆದರೆ ಋತುಮಾನದ ಜ್ವರವೊಂದರಿಂದ ಜನಗಣತಿಯ ಅಂಕಿಗಳು ಹೀಗೆ ಕದಲಿದ ನಿದರ್ಶನವಿಲ್ಲ ಎಂಬುದು ಗಮನಾರ್ಹ.

ಪಿಡುಗು ಮಾಮೂಲಾಗುವ ಪರಿ

ಜಾಗತಿಕ ಪಿಡುಗುಗಳೆಲ್ಲ ಸಮಾನವಾಗಿ ಮಾರಕವಲ್ಲ ಎಂಬುದನ್ನೂ ಒಪ್ಪಬೇಕು. 2009ರ ಜೂನ್ 11ರಂದು ಘೋಷಿತವಾದ ಎಚ್1ಎನ್1 ಪಿಡುಗು 1918ರದ್ದಕ್ಕಿಂತ ಬಹಳ ಸೌಮ್ಯವಾಗಿತ್ತು. 2010ರ ಆಗಸ್ಟ್‌ನಲ್ಲಿ ಪಿಡುಗು ಮುಗಿಯಿತೆಂದು ಸಾರಲಾಯಿತು. ಆದರೆ ವೈರಾಣು ಮಾಯವಾಗಲಿಲ್ಲ, ಋತುಮಾನದ ಜ್ವರಗಳಲ್ಲಿ ಒಂದಾಗಿ ಉಳಿಯಿತು. 2015ರಲ್ಲಿ ಅದೇ ವೈರಾಣುವಿನಿಂದ ಭಾರತದಲ್ಲಿ 42,000ಕ್ಕೂ ಹೆಚ್ಚು ಪ್ರಕರಣಗಳೂ ಸುಮಾರು 3,000 ಸಾವುಗಳೂ ದಾಖಲಾದವು. ಅಂದರೆ 'ಋತುಮಾನದ' ಮತ್ತು 'ಜಾಗತಿಕ' ಎಂಬ ಮಾತುಗಳು ಎರಡು ಪ್ರತ್ಯೇಕ ವೈರಾಣು ಜಾತಿಗಳ ಹೆಸರುಗಳಲ್ಲ. ಮನುಷ್ಯ ಮತ್ತು ವೈರಾಣುವಿನ ಸಂಬಂಧದ ಎರಡು ಅವಸ್ಥೆಗಳನ್ನು ಅವು ಸೂಚಿಸುತ್ತವೆ. ಮಾಮೂಲಿ ಎನಿಸಿಕೊಂಡ ಮಾತ್ರಕ್ಕೆ ಜ್ವರ ನಿರುಪದ್ರವಿಯೂ ಆಗುವುದಿಲ್ಲ.

2020: ಕಲಬುರಗಿಯ ಅನುಭವ

2020ರಲ್ಲಿ ಬಂದದ್ದು ಇನ್‌ಫ್ಲುಯೆಂಜಾ ಅಲ್ಲ, ಕೊರೋನಾ ಕುಟುಂಬದ ಹೊಸ ವೈರಾಣು. ಆದರೂ ಲಕ್ಷಣಗಳ ಸಾಮ್ಯದಿಂದ ಅದನ್ನು ಫ್ಲೂ ಜ್ವರಕ್ಕೆ ಹೋಲಿಸುವ ಮಾತು ಜಗತ್ತಿನಾದ್ಯಂತ ಕೇಳಿಬಂತು. ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ನಿಧನರಾದರು. ಬೆಂಗಳೂರಿನ ಪ್ರಯೋಗಾಲಯದಲ್ಲಿ ನಡೆದ ಪರೀಕ್ಷೆಯಿಂದ ಮಾರ್ಚ್ 12ರಂದು ಕೋವಿಡ್ ದೃಢಪಟ್ಟು, ಅದು ಭಾರತದ ಮೊದಲ ಕೋವಿಡ್ ಸಾವು ಎಂದು ದಾಖಲಾಯಿತು. ಸಾವಿನ ಅನಂತರ ರೋಗದ ಹೆಸರು ತಿಳಿದ ಈ ಎರಡು ದಿನಗಳ ಅಂತರ ಚರಿತ್ರಕಾರರಿಗೆ ಮುಖ್ಯವಾದುದು. ಋತುಮಾನದ ಜ್ವರದ ಅಪಾಯವನ್ನು ದಶಕಗಳ ಅನುಭವದಿಂದ ಅಂದಾಜಿಸಬಹುದು. ಹೊಸ ವೈರಾಣುವಿನ ವಿಷಯದಲ್ಲಿ ಪುರಾವೆ ಸಾವಿನ ಹಿಂದಿನಿಂದ ಬರುತ್ತದೆ.

ಮೇ ತಿಂಗಳಲ್ಲಿ ಮಹಾರಾಷ್ಟ್ರಕ್ಕೆ ದುಡಿಯಲು ಗುಳೆ ಹೋಗಿದ್ದವರು ಊರಿಗೆ ಮರಳತೊಡಗಿದಾಗ ಜಿಲ್ಲೆಯಲ್ಲಿ ಪ್ರಕರಣಗಳು ಏರಿದವು. ಒಂದು ಶತಮಾನದ ಹಿಂದೆ ಸೋಂಕು ಸಾಗಿದ ದಿಕ್ಕೇ ಮತ್ತೆ ಕಾಣಿಸಿತು. ರೈಲಿನ ದಾರಿಯಿಂದ ದೂರವಿರುವ ಚಿಂಚೋಳಿ ಭಾಗದ ಕೊಡ್ಲಿಯಂತಹ ಊರುಗಳನ್ನೂ ದುಡಿಮೆ, ಸಂತೆ, ಸಂಬಂಧಗಳ ದಾರಿಗಳು ಹೊರಜಗತ್ತಿಗೆ ಬೆಸೆದಿವೆ. ಇಂತಹ ಊರುಗಳಿಗೆ ಸೋಂಕು ತಲುಪುವುದು ಸುಲಭ, ದೊಡ್ಡಾಸ್ಪತ್ರೆ ತಲುಪುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಸಂಭವಿಸಿದ ಹೆಚ್ಚುವರಿ ಸಾವುಗಳನ್ನು 1.49 ಕೋಟಿ ಎಂದು ಅಂದಾಜಿಸಿದೆ. ಎರಡು ವರ್ಷಗಳ ಈ ಮೊತ್ತವನ್ನು ಋತುಮಾನದ ಜ್ವರದ ವಾರ್ಷಿಕ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆಯ ತಾರತಮ್ಯ ತಾನೇ ತಿಳಿಯುತ್ತದೆ.

ಉಪಸಂಹಾರ

ಒಟ್ಟಾರೆಯಾಗಿ, 1918 ಮತ್ತು 2020ರ ಅನುಭವಗಳು ಕಲಿಸುವ ಪಾಠ ಭೀತಿಯದಲ್ಲ, ಸರಿಯಾದ ಅಳತೆಯದು. ಋತುಮಾನದ ಜ್ವರ ಪ್ರತಿವರ್ಷ ಕಟ್ಟಬೇಕಾದ ಕಂದಾಯವಿದ್ದಂತೆ, ಅದರ ಮೊತ್ತ ಬಹುಮಟ್ಟಿಗೆ ಗೊತ್ತಿರುತ್ತದೆ. ಹೊಸ ವೈರಾಣುವಿನದು ಮೊತ್ತ ಬರೆಯದ ಸಾಲಪತ್ರ. ಅದರ ಗಾತ್ರ ತಿಳಿಯುವ ಮುನ್ನವೇ ಎಚ್ಚರ ವಹಿಸಬೇಕಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಪರೀಕ್ಷೆಯ ಸೌಲಭ್ಯ ಮತ್ತು ಸಾವಿನ ಕಾರಣದ ನಿಖರ ನೋಂದಣಿ ಇದ್ದರೆ ಮಾತ್ರ ಆ ಎಚ್ಚರ ಸಕಾಲಿಕವಾಗಬಲ್ಲದು. ಹಳ್ಳಿಗಳ ಸಾವುಗಳು ಲೆಕ್ಕಕ್ಕೆ ಸಿಗದೆ ಹೋದರೆ ಮುಂದಿನ ಪಿಡುಗನ್ನೂ ಆರಂಭದಲ್ಲಿ ಮಾಮೂಲಿ ಜ್ವರವೆಂದೇ ಭಾವಿಸುವ ಸಂಭವವಿದೆ.