ನಮ್ಮ ಗಡಿಜಿಲ್ಲೆಯ ಚರಿತ್ರೆಯನ್ನು ಬಲ್ಲಿರಾ?



"ನಮ್ಮ ಊರಲ್ಲಿ ಏನಿದೆ? ನೋಡುವಂಥದ್ದೆಲ್ಲ ಇರುವುದು ಮೈಸೂರಿನಲ್ಲಿ" ಎಂಬ ಮಾತನ್ನು ನೀವೂ ಕೇಳಿರಬಹುದು. ಆದರೆ ಮೈಸೂರಿನ ಚರಿತ್ರೆಯ ಎಷ್ಟೋ ಪುಟಗಳು ನಮ್ಮ ನೆಲದಲ್ಲೇ ಇವೆ.

ಚಾಮರಾಜನಗರದ ಹಿಂದಿನ ಹೆಸರು ಅರಿಕುಠಾರ. 1774ರಲ್ಲಿ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪವಿದೆ. ನಿಮ್ಮಲ್ಲಿ ಎಷ್ಟು ಜನ ಅದನ್ನು ನೋಡಿದ್ದೀರಿ?

ಗುಂಡ್ಲುಪೇಟೆಗೂ ವಿಜಯಪುರ ಎಂಬ ಹಳೆಯ ಹೆಸರಿತ್ತು. ವಿಜಯನಾರಾಯಣ ದೇಗುಲ ಅದನ್ನು ಇಂದಿಗೂ ನೆನಪಿಸುತ್ತದೆ. ಚಿಕ್ಕದೇವರಾಜ ಒಡೆಯರು (1673–1704) ಪಟ್ಟಕ್ಕೆ ಬರುವ ಮುನ್ನ ಇದ್ದದ್ದು ಸಮೀಪದ ಹಂಗಳದಲ್ಲಿ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ಅವರು ಕಟ್ಟಿಸಿದ್ದು ತಂದೆಯ ನೆನಪಿಗೆ. ಅವರ ಅರಮನೆಯಲ್ಲಿ ಊಳಿಗದಲ್ಲಿದ್ದ ಯಳಂದೂರಿನ ಹೆಣ್ಣುಮಗಳು ಸಂಚಿಯ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದು ಕವಯಿತ್ರಿಯಾದಳು. ಅಕ್ಷರ ಯಾರೊಬ್ಬರ ಸ್ವತ್ತೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಊಟಿಗೂ ವಯನಾಡಿಗೂ ದಾರಿ ಕವಲೊಡೆಯುವುದು ಗುಂಡ್ಲುಪೇಟೆಯಲ್ಲಿ. 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇಲ್ಲಿಗೆ ಹತ್ತಿರ. ಬಂಡೀಪುರದ ಕಾಡು 1973ರಲ್ಲಿ ಹುಲಿ ಯೋಜನೆಗೆ ಸೇರಿತು.

ಕಲ್ಲುಕಟ್ಟಡಗಳಷ್ಟೇ ಚರಿತ್ರೆಯಲ್ಲ. ಗುಂಡ್ಲುಪೇಟೆಯಿಂದ ಆರಿಸಿಹೋದ ಕೆ.ಎಸ್. ನಾಗರತ್ನಮ್ಮನವರು 1972ರಲ್ಲಿ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಇದೇ ಊರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಬರದ ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಿದರು. ಜನ ಪ್ರೀತಿಯಿಂದ 'ನೀರ್ ಸಾಬ್' ಎಂದು ಕರೆದರು. ಅವರ ಶ್ರಮದಿಂದ ಬಂದ ಪಂಚಾಯತ್ ಕಾಯ್ದೆಯಂತೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ. 25 ಮೀಸಲಾತಿ ದೊರೆಯಿತು. 1988ರಲ್ಲಿ ಅವರು ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಇಂದು ಅವರದೇ ಹೆಸರು.

1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಆದರೂ 'ಇಲ್ಲಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ' ಎಂಬ ಮೂಢನಂಬಿಕೆಯಿಂದ ಹಲವರು ಜಿಲ್ಲಾ ಕೇಂದ್ರಕ್ಕೆ ಕಾಲಿಡಲಿಲ್ಲ. 2013ರಲ್ಲಿ ಬಂದ ಸಿದ್ದರಾಮಯ್ಯನವರು ಅವಧಿ ಪೂರೈಸಿದರು. ಅಧಿಕಾರದಲ್ಲಿದ್ದವರ ಈ ಅಂಜಿಕೆಯಿಂದ ನಷ್ಟವಾದದ್ದು ಹಿಂದುಳಿದ ಜಿಲ್ಲೆಯ ಜನರಿಗೆ.

ನಮ್ಮ ಊರನ್ನು ನಾವೇ ಅರಿಯದಿದ್ದರೆ ಇಂಥ ಮಾತುಗಳೇ ಅದರ ಚರಿತ್ರೆಯಾಗಿಬಿಡುತ್ತವೆ. ಈ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಹೊರಡಿ. ಶಾಸನದ ಕಲ್ಲು, ಹಳೆಯ ಕೆರೆ, ಮಸೀದಿ, ಗುಡಿ, ಬಸದಿ ಎಲ್ಲವನ್ನೂ ನೋಡಿ. ಹಿರಿಯರನ್ನು ಕೇಳಿ ಬರೆದಿಡಿ. ನಾಳೆ ಕೇಳೋಣವೆಂದರೆ ಹೇಳುವವರು ಇರಲಾರರು.