ಉಡ ಹಿಡಿದವರು ಬಹಳ, ಸಾಕಿದವರು ಕಡಿಮೆ

ಮಾನ್ವಿ ತಾಲೂಕಿನ ಒಂದು ಊರಿಗೆ ಕಾಲುವೆ ನೀರಿನ ಸುದ್ದಿಗೆ ಹೋಗಿದ್ದೆ. ಗದ್ದೆಯ ಬದುವಿನ ಮೇಲೆ ಉಡವೊಂದು ಓಡಿಹೋಯಿತು. ಜೊತೆಗಿದ್ದ ಹಿರಿಯರೊಬ್ಬರು ಕೇಳಿದರು: "ಕುರಿ ಸಾಕ್ತೀವಿ, ಕೋಳಿ ಸಾಕ್ತೀವಿ. ಉಡ ಹಿಡದ್ರ ಕೇಸ್ ಅಂತಾರ. ಸಾಕಿದ್ರ ತಪ್ಪೇನೈತ್ರಿ?" ಆಗ ಉತ್ತರ ಹೊಳೆಯಲಿಲ್ಲ. ಉತ್ತರ ಇತಿಹಾಸದಲ್ಲಿದೆ.

ಉಡದ ಜೊತೆ ನಮ್ಮ ನಂಟು ಹಳೆಯದು. ತಿನ್ನಬಹುದಾದ ಐದುಗುರಿನ ಪ್ರಾಣಿಗಳಲ್ಲಿ ಮನುಸ್ಮೃತಿ 'ಗೋಧಾ', ಅಂದರೆ ಉಡವನ್ನೂ ಹೇಳುತ್ತದೆ. ಮಹಾಭಾರತದ ಬಿಲ್ಲುಗಾರರು ಬೆರಳಿಗೆ ಅದರ ಚರ್ಮದ ಕಾಪು ಕಟ್ಟುತ್ತಿದ್ದರು. ಮರಾಠಿಯಲ್ಲಿ ಉಡಕ್ಕೆ 'ಘೋರ್ಪಡ' ಎನ್ನುತ್ತಾರೆ. ನಮ್ಮ ದೋಆಬಿಗಾಗಿ ವಿಜಯನಗರದ ಜೊತೆ ಕಾದಾಡಿದ ಬಹಮನಿಗಳ ಕಾಲದಲ್ಲಿ, ಉಡಕ್ಕೆ ಹಗ್ಗ ಕಟ್ಟಿ ಕೋಟೆ ಏರಿದ್ದಕ್ಕೇ 'ಘೋರ್ಪಡೆ' ಎಂಬ ಬಿರುದು ಬಂತೆಂಬುದು ಮುಧೋಳದ ಅರಸು ಮನೆತನದ ಕಥೆ. ಕಂಜಿರಕ್ಕೆ ಬಿಗಿಯುತ್ತಿದ್ದುದೂ ಉಡದ ಚರ್ಮವೇ. ಇವೆಲ್ಲದರಲ್ಲೂ ಉಡ ಹಿಡಿದು ತರುವ ಪ್ರಾಣಿ, ಸಾಕುವ ಪ್ರಾಣಿಯಲ್ಲ.

ಇಪ್ಪತ್ತನೇ ಶತಮಾನದಲ್ಲಿ ಪರದೇಶದ ಚಪ್ಪಲಿ, ಬೆಲ್ಟು, ಕೈಚೀಲಗಳಿಗೆ ಚರ್ಮ ಬೇಕಾಯಿತು. ಹಿಡಿಯುವುದು ವ್ಯಾಪಾರವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1975ರಲ್ಲಿ ಜಾರಿಯಾದ ಸೈಟಿಸ್ ಒಪ್ಪಂದ ಹೊರದೇಶದ ವ್ಯಾಪಾರಕ್ಕೆ ತಡೆ ಹಾಕಿತು.

ಸಾಕುವ ಕೆಲಸ ಗಂಭೀರವಾಗಿ ನಡೆದದ್ದು ಇದಾದ ಮೇಲೆ. 1976ರಲ್ಲಿ ರಾಮುಲಸ್ ವಿಟೇಕರ್ ಮತ್ತು ಸಂಗಡಿಗರು ಮದ್ರಾಸಿನ ಹತ್ತಿರ ಮೊಸಳೆ ಬ್ಯಾಂಕ್ ಕಟ್ಟಿದರು. ಅಲ್ಲಿ ನೀರುಡಗಳೂ ಮರಿ ಮಾಡಿದವು. ಅವುಗಳ ಸಂತಾನ, ಬೆಳವಣಿಗೆಯ ವಿವರ 1990ರಲ್ಲಿ ಬ್ಯಾಂಕಿನ 'ಹಮದ್ರ್ಯಾಡ್' ಪತ್ರಿಕೆಯಲ್ಲಿ ಅಚ್ಚಾಯಿತು. ನೀರುಡ ಅಂಡಮಾನ್, ಸುಂದರಬನದ ಕಡೆಯದು. ನಮ್ಮ ಹೊಲದ ಉಡ ಬೇರೆ ಜಾತಿ. ಆದರೆ ಸಾಕುವ ಕಷ್ಟ ಎರಡಕ್ಕೂ ಒಂದೇ.

ಬಯಲಿನಲ್ಲಿ ಸಾಕಿದರೆ ಬಿಸಿಲು ಪುಕ್ಕಟೆ, ಉಳಿದದ್ದೆಲ್ಲ ಖರ್ಚು. ಉಡ ನೆಲ ತೋಡುತ್ತದೆ, ಗೋಡೆ ಏರುತ್ತದೆ. ಹಾಗಾಗಿ ಬುನಾದಿ ಆಳವಿರಬೇಕು, ಗೋಡೆಯ ಒಳಮೈ ನುಣುಪಿರಬೇಕು. ನೆರಳು, ನೀರು, ಬಿಲ, ಮೊಟ್ಟೆಯಿಡಲು ಸಡಿಲ ಮಣ್ಣು ಬೇಕು. ಗಂಡುಗಳು ಕಾದಾಡುತ್ತವೆ. ತಿನ್ನುವುದು ಮಾಂಸ. ಕೋಳಿ ಮೊಟ್ಟೆ 21 ದಿನಕ್ಕೆ ಒಡೆದರೆ, ನಮ್ಮ ಉಡದ ಮೊಟ್ಟೆಗೆ ಐದಾರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಮರಿ ಪ್ರಾಯಕ್ಕೆ ಬರಲು ಎರಡು ಮೂರು ವರ್ಷ. ಕುರಿಯ ಲೆಕ್ಕ ಇದಕ್ಕೆ ಹೊಂದುವುದಿಲ್ಲ.

ಕಾಯ್ದೆಯೂ ಒಪ್ಪುವುದಿಲ್ಲ. ಉಡ ಈಗ ಮೊದಲ ಅನುಸೂಚಿಯಲ್ಲಿದೆ. ಬೇಟೆಯಾಡಿ ಸಿಕ್ಕಿಬಿದ್ದು ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 'ಸಾಕಿದ್ದು' ಎಂದು ಮಾರಲು ಬಿಟ್ಟರೆ ಹೊಲದಲ್ಲಿ ಹಿಡಿದದ್ದೂ ಅದೇ ಹೆಸರಿನಲ್ಲಿ ಸಂತೆಗೆ ಬರುತ್ತದೆ. ಒಂದು ಉಡ ನೋಡಿ ಎಲ್ಲಿ ಹುಟ್ಟಿದ್ದೆಂದು ಹೇಳುವುದು ಸುಲಭವಲ್ಲ.

ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ, ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಬೀಡು ನೆಲ ಗದ್ದೆಯಾಯಿತು. ಹುತ್ತ ಇದ್ದಲ್ಲಿ ಟ್ರ್ಯಾಕ್ಟರ್ ಓಡುತ್ತದೆ. ಉಡ ಮೊಟ್ಟೆಯಿಡುವುದು ಅಂಥ ಹುತ್ತದಲ್ಲೂ ನೆಲದ ಕುಣಿಯಲ್ಲೂ. ಹುತ್ತದೊಳಗಿನ ಸಮ ಬಿಸಿ, ಸಮ ತೇವವನ್ನು ಗೋಡೆ ಕಟ್ಟಿದವರು ದುಡ್ಡು ಸುರಿದು ಮಾಡಬೇಕು. ಗದ್ದೆಯ ಇಲಿ, ಏಡಿ, ಹುಳ ತಿಂದು ಅದು ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳುತ್ತದೆ.

ಮುಂದಿನ ಸಲ ಆ ಹಿರಿಯರು ಸಿಕ್ಕರೆ ಹೇಳುವುದಿಷ್ಟೆ: ನೀವು ಆಗಲೇ ಸಾಕ್ತಾ ಇದ್ದೀರಿ. ಬದುವಿನ ಹುತ್ತ ಒಂದು ಕೆಡವಬ್ಯಾಡ್ರಿ.