ದಾನ ಹೋಗಿ ಗಂಡ ಆದ ಕಥಿ

ಹೋದ ವರ್ಷ ಗಣಪತಿ ಹಬ್ಬಕ್ಕ ಓಣಿ ಹುಡುಗ್ರು ಪಟ್ಟಿ ಕೇಳ್ಲಿಕ್ಕೆ ಬಂದಿದ್ರು. ಬಾಗಲಾ ತಗದ ಕೂಡಲೇ "ಯಜಮಾನ್ರು ಇದ್ದಾರೇನ್ರಿ ಕಾಕು?" ಅಂದ್ರು. ಹೊರಗ ಹೋಗ್ಯಾರಪಾ ಅಂದೆ. "ಹಂಗಾರ ಆಮ್ಯಾಲೆ ಬರ್ತೇವ್ರಿ" ಅಂತ ತಿರುಗಿದ್ರು. ನಾನಽ ಕರದು ಸಾಸಿವಿ ಡಬ್ಬ್ಯಾಗಿನ ಐನೂರು ರೂಪಾಯಿ ಕೊಟ್ಟೆ. ಪಾವತಿ ಬರದ್ರು ನೋಡ್ರಿ, ನಮ್ಮವರ ಹೆಸರಿಲೆ!

ಮೊನ್ನೆ ಒಂದು ಜಪಾನಿ ಶಬ್ದದ ಹುಟ್ಟು ಓದ್ಕೋತ ಕೂತಾಗ ಈ ಪಾವತಿ ನೆನಪಾತು. ಆ ಶಬ್ದ "ದನ್ನ". ಎರಡು ನ ಹಚ್ಚಿ ಒತ್ತಿ ಅನಬೇಕು, ಇಲ್ಲಂದ್ರ ದನ ಆಗಿಬಿಡ್ತದ.

ಇವತ್ತು ಜಪಾನದಾಗ ದನ್ನ ಅಂದ್ರ ಗಂಡ. ಗೆಳತ್ಯಾರ ಮುಂದ "ಉಚಿ ನೊ ದನ್ನ" ಅಂತಾರ. ಉಚಿ ಅಂದ್ರ ನಮ್ಮನಿ. ನಾವು "ನಮ್ಮನಿ ಯಜಮಾನ್ರು" ಅಂಧಂಗ. ಆದ್ರ ಅದಽ ಶಬ್ದಕ್ಕ ಅಂಗಡಿ ಧಣಿ, ಅಂಗಡಿಗೆ ಬರೋ ದೊಡ್ಡ ಗಿರಾಕಿ, ಗೇಶಾ ಹೆಣ್ಣುಮಕ್ಕಳ ಖರ್ಚು ನೋಡ್ಕೊಳ್ಳೋ ಸಾಹುಕಾರ, ಬೌದ್ಧ ಗುಡಿಗೆ ಕೊಡೋ ದಾನಿ ಅಂತನೂ ಅರ್ಥ ಅವ.

ಇಷ್ಟೆಲ್ಲಾ ಅರ್ಥದ ಬೇರು ನಮ್ಮ ಸಂಸ್ಕೃತದ "ದಾನ". ಬೌದ್ಧ ಗ್ರಂಥಗಳು ಚೀನಾಕ್ಕ ಹೋದಾಗ ಅಲ್ಲಿಯವರು ಕೆಲವು ಶಬ್ದ ಅನುವಾದ ಮಾಡದ, ಕಿವಿಗೆ ಕೇಳಿಸಿಧಂಗ ತಮ್ಮ ಅಕ್ಷರದಾಗ ಬರಕೊಂಡ್ರು. ದಾನ ಎರಡು ಅಕ್ಷರದ "ದನ್ನ" ಆತು. 6ನೇ ಶತಮಾನದಾಗ ಕೊರಿಯಾದ ಬೆಕ್ಜೆ ರಾಜ್ಯದಿಂದ ಬೌದ್ಧಧರ್ಮ ಜಪಾನಕ್ಕ ಹೋತು, ಅದರ ಹಿಂದ ಇಂಥಾ ಶಬ್ದಗಳೂ ಹೋದ್ವು. ನಮ್ಮ ಧ್ಯಾನ ಅಲ್ಲೆ "ಝೆನ್" ಆದದ್ದೂ ಹಿಂಗಽ. ಭಿಕ್ಷುಗಳ ಪಾತ್ರ "ಹಚಿ" ಆತು. ಈಗ ಅಡಗಿಮನಿ ಬಟ್ಟಲಕ್ಕೂ ಹಚಿ ಅಂತಾರ, ಹೂವಿನ ಕುಂಡಿಗೂ ಹಚಿ ಅಂತಾರ.

ಮೊದಲು ದನ್ನ ಅಂದ್ರ ಕೊಡೋ ಕೆಲಸ. ಆಮ್ಯಾಲೆ ಕೊಡೋ ಮನುಷ್ಯಾನೂ ದನ್ನ ಆದ. ಮುಂದ 17ನೇ ಶತಮಾನದಾಗ ತೊಕುಗಾವಾ ದೊರೆಗಳು ಕ್ರೈಸ್ತ ಧರ್ಮ ನಿಷೇಧ ಮಾಡಿದ್ರು. 1637-38ರಾಗ ಶಿಮಾಬಾರಾ ಅನ್ನೋ ಕಡೆ ದಂಗೆ ಆತು, ಅದಾದ ಮ್ಯಾಲೆ ನಿಯಮ ಇನ್ನೂ ಬಿಗಿ ಆತು. ಪ್ರತಿ ಮನಿತನ ಒಂದು ಬೌದ್ಧ ಗುಡ್ಯಾಗ ಹೆಸರು ಬರಸಬೇಕು, ಇವರು ಕ್ರೈಸ್ತರಲ್ಲ ಅಂತ ಗುಡಿಯವರು ಬರದು ಕೊಡಬೇಕು. ಮನಿತನದ ಗುಡಿಗೆ "ದನ್ನದೆರಾ" ಅಂತಿದ್ರು. ಸತ್ತವರ ಕ್ರಿಯಾಕರ್ಮಕ್ಕ, ಗುಡಿ ರಿಪೇರಿಗೆ ಈ ಮನಿಯವರಽ ರೊಕ್ಕ ಕೊಡಬೇಕಾಗಿತ್ತು. ಖುಷಿಲೆ ಕೊಡೋ ದಾನ ಇಲ್ಲೆ ಪಟ್ಟಿಯಂಗ ಆತು ನೋಡ್ರಿ.

ಗುಡಿಯಿಂದ ಶಬ್ದ ಪ್ಯಾಟಿಗೆ ಇಳೀತು. ಅನ್ನ ಅರಿವಿ ಕೊಡೋ ಧಣಿಗೆ ಆಳುಗಳು ದನ್ನ ಅಂದ್ರು, ರೊಕ್ಕ ಕೊಡೋ ಗಿರಾಕಿಗೆ ಅಂಗಡಿಯವರು ಅಂದ್ರು, ಹೆಂಡತಿ ಗಂಡಗ ಅಂದ್ಳು. ರೊಕ್ಕದ ಚೀಲ ಯಾರ ಕೈಯಾಗ ಅದನೋ ಅವರಽ ದನ್ನ.

ನಮ್ಮ "ಯಜಮಾನ"ನ ಕಥಿನೂ ಇದರ ಅವಳಿ-ಜವಳಿ. ಮೂಲದಾಗ ಯಜಮಾನ ಅಂದ್ರ ಯಜ್ಞ ಮಾಡಸಾವಾ, ಪುರೋಹಿತರಿಗೆ ದಕ್ಷಿಣೆ ಕೊಡಾವಾ. ಅವನೂ ಕಡೀಕೆ ಮನಿ ಒಡೆಯ ಆಗಿ, ಗಂಡ ಆಗಿ ಕೂತಾನ. ಆದ್ರ ಹೆಂಡತಿ ಪಕ್ಕಕ್ಕ ಇರಲಿಲ್ಲಂದ್ರ ಆ ಯಜ್ಞನಽ ನಡೀತಿರಲಿಲ್ಲ. ರಾಮ ಬಂಗಾರದ ಸೀತೆನ್ನ ಕೂಡಿಸಿದ್ದು ಅದಕ್ಕಽ. ಹೆಸರು ಮಾತ್ರ ಅವನಿಗೊಬ್ಬನಿಗೇ ಹೋತು.

ಹಂಗಂತ ಹೆಣ್ಣುಮಕ್ಕಳು ಕೊಟ್ಟೇ ಇಲ್ಲೇನು? ಜಪಾನದ ರಾಣಿ ಕೋಮ್ಯೊ 730ರಾಗ ಬಡ ರೋಗಿಗಳಿಗೆ ಔಷಧ ಕೊಡೋ ಮನಿ ತಗದ್ಳು. ಗಂಡ ಶೋಮು ತೀರಿಕೊಂಡ ಮ್ಯಾಲೆ, 756ರಾಗ, ಅವನು ಪ್ರೀತಿಲೆ ಇಟ್ಕೊಂಡಿದ್ದ 600ಕ್ಕಿಂತ ಜಾಸ್ತಿ ಸಾಮಾನು ನಾರಾ ಊರಿನ ತೊದಾಯಿಜಿ ಗುಡಿಗೆ ಕೊಟ್ಟಳು. ಅವುಗಳ ಯಾದಿ ಇನ್ನೂ ಅದ. ಮೂಲ ಅರ್ಥ ಹಿಡದ್ರ ಆಕಿನಽ ಖರೇ ದನ್ನ. ನಮ್ಮ ಗದಗಿನ ಹತ್ರದ ಲಕ್ಕುಂಡ್ಯಾಗ 1007ರಾಗ ಬಸದಿ ಕಟ್ಟಿಸಿದ, ಪೊನ್ನನ ಶಾಂತಿಪುರಾಣದ 1000 ಪ್ರತಿ ಬರಿಸಿ ಹಂಚಿದ ಅತ್ತಿಮಬ್ಬೆಗೆ ಮಾತ್ರ ಜನ "ದಾನಚಿಂತಾಮಣಿ" ಅಂದ್ರು. ಅದಽ ದಾನ ಶಬ್ದ, ಇಲ್ಲೆ ಹೆಣ್ಣುಮಗಳ ಹೆಸರಿಗೆ ಬಂತು.

ಈಗ ಜಪಾನದಾಗೂ ಭಾಳ ಹೆಣ್ಣುಮಕ್ಕಳು ಒಡೆಯ ಅನ್ನೋ ಅರ್ಥದ "ಶುಜಿನ್" ಬ್ಯಾಡ, ದನ್ನನೂ ಬ್ಯಾಡ ಅಂತ ಬರೇ "ಒತ್ತೊ" ಅಂತಾರ. ಅಂದ್ರ ಗಂಡ, ಅಷ್ಟಽ.

ನಾ ಏನು ಯಜಮಾನ್ರು ಅನ್ನೋದು ಬಿಡೋದಿಲ್ಲ, ನಾಲಿಗಿಗೆ ರೂಢಿ ಆಗ್ಯದ. ಆದ್ರ ಈ ಸಲ ಹುಡುಗ್ರು ಪಟ್ಟಿಗೆ ಬಂದ್ರ ಪಾವತಿ ಮ್ಯಾಲೆ ನನ್ನ ಹೆಸರು ಬರಸೋದು ಅಂತ ಠರಾವ್ ಮಾಡೇನಿ. ನೀವೂ ಬರಸ್ರಿ.